ಹತ್ತಿ ಗಿರಣಿಯ ಜೋಡಿ ಪಾಳಿ

ಎಳ್ಳಮವಾಸ್ಯೆ ಕಳೆದ ಮೇಲಿನ ಮೊದಲ ಸೋಮವಾರ, ಬೆಳಗಿನ ಏಳು ಗಂಟೆ. ಸ್ಥಳ ಶಹಾಪುರದ ಹೊರಗಿನ ಒಂದು ಹತ್ತಿ ಗಿರಣಿ. ಗೇಟಿನಲ್ಲಿ ಸೇರಿದವರು ನಾಲ್ವರು: ಗಿರಣಿಯ ಸಾವ್ಕಾರರು, ಬೆಂಗಳೂರಿನಿಂದ ಬಂದ ಒಬ್ಬ ಪ್ರಾಧ್ಯಾಪಕಿ, ಹೆಣ್ಣಾಳುಗಳ ಗುಂಪನ್ನು ನಡೆಸುತ್ತಿದ್ದ ಸಗರದ ಒಬ್ಬ ಮುದುಕಿ, ಮತ್ತು ನಾನು. ಮುದುಕಿಯನ್ನು ಸಾವ್ಕಾರರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರೂ ಆಯಿ ಎಂದೇ ಕರೆಯುತ್ತಿದ್ದರು.

ಯಾದಗಿರಿ ಆಗ ಇನ್ನೂ ತಾಲೂಕು. ಸರ್ಕಾರದ ಅಂಕಿ-ಅಂಶ ಕೂಡಿಸುವ ಕೆಲಸ ನನ್ನದು. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಬೋರ್ಡಿಂಗ್ ಶಾಲೆಯಲ್ಲಿ ಕಲಿತವನಾದ್ದರಿಂದ ಆ ಕೆಲಸ ನನಗೆ ಒಗ್ಗಿತ್ತು. ದೇಶದ ಬಾಗಿಲು ತೆರೆದಿದೆ, ಲೈಸೆನ್ಸಿನ ಕಾಲ ಮುಗಿಯಿತು, ಇನ್ನು ಚೆನ್ನಾಗಿ ನಡೆಯುವ ಕಾರ್ಖಾನೆ ಉಳಿಯುತ್ತದೆ ಎಂದು ಪತ್ರಿಕೆಗಳು ಬರೆಯುತ್ತಿದ್ದ ವರ್ಷಗಳು ಅವು. ಚೆನ್ನಾಗಿ ನಡೆಯುವುದೆಂದರೆ ಏನು ಎಂದು ಅಳೆಯುವುದೇ ಆ ಪ್ರಾಧ್ಯಾಪಕಿಯ ವಿದ್ಯೆ. ಅವರು ಅದಕ್ಕೆ ಮುಂಚೆ ವಿಮಾನ ನಿಲ್ದಾಣಗಳನ್ನು ಅಳೆದಿದ್ದರು. ಈಗ ಸಣ್ಣ ಊರುಗಳ ಗಿರಣಿಗಳಿಗೆ ಬಂದಿದ್ದರು. ಅವರ ಜೊತೆ ತಿರುಗುವಂತೆ ನನಗೆ ಆದೇಶವಾಗಿತ್ತು.

ಹಿಂದಿನ ವಾರ ಸಾವ್ಕಾರರ ಯಾದಗಿರಿ ಗಿರಣಿಯನ್ನು ನೋಡಿ ಮುಗಿಸಿದ್ದೆವು. ಶಹಾಪುರದ್ದೂ ಅವರದ್ದೇ. ಗೇಟಿನಲ್ಲೇ ಅವರು ಕಡ್ಡಿ ಮುರಿದಂತೆ ಹೇಳಿದರು:

“ಮೇಡಂ, ನಂದೊಂದ ಮಾತು ಕೇಳ್ರಿ. ಯಾವ ಗಿರಣಿಗಿ ನಂಬರ್ ಹೆಚ್ಚ ಬರ್ತದ, ಅಲ್ಲಿ ಹೊಸಾ ಮಷೀನ್ ಕೂಡಸ್ತೀನಿ. ಇನ್ನೊಂದಕ್ಕ ಕೀಲಿ.”

ಆಯಿ ಪಕ್ಕದಲ್ಲೇ ನಿಂತಿದ್ದಳು. ಸಗರ ಮತ್ತು ಸುತ್ತಲಿನ ಹಳ್ಳಿಗಳ ಹೆಂಗಸರನ್ನು ಗಿರಣಿಗೆ ತಂದವಳು ಅವಳೇ. ಇಲ್ಲಿ ಕೀಲಿ ಬಿದ್ದು ಗಿರಣಿ ಮುಚ್ಚಿದರೆ ಅವರಲ್ಲಿ ಯಾರೂ ಯಾದಗಿರಿಗೆ ಹೋಗಿಬಂದು ದುಡಿಯಲಾರರು. ಅದು ಅವಳಿಗೂ ಗೊತ್ತಿತ್ತು, ಸಾವ್ಕಾರರಿಗೂ ಗೊತ್ತಿತ್ತು.

“ವಿಮಾನದ ಸ್ಟೇಷನ್ ಅಳದ್ ಬಂದಾರಂತ ಇವ್ರು,” ಎಂದಳು ಆಯಿ ನನ್ನ ಕಡೆ ತಿರುಗಿ. “ನಮ್ಮ ಗಿರಣಿ ಯಾವ ಲೆಕ್ಕರೀ ಸಾಹೇಬ್ರ. ಅಳೀಲಿ, ನಾವೇನ್ ಅಂಜಂಗಿಲ್ಲ.”

ಅಳತೆಯ ಕ್ರಮವನ್ನು ಪ್ರಾಧ್ಯಾಪಕಿ ನನಗೆ ಜೀಪಿನಲ್ಲಿ ವಿವರಿಸಿದ್ದರು. ಒಳಗೆ ಹೋದದ್ದೇನು, ಹೊರಗೆ ಬಂದದ್ದೇನು, ಇಷ್ಟೇ ಪ್ರಶ್ನೆ. ವಿಮಾನ ನಿಲ್ದಾಣವಾದರೆ ವಿಮಾನ ಓಡುವ ದಾರಿ, ಕಟ್ಟಡ, ನೌಕರರು ಒಳಗೆ. ಹತ್ತಿಳಿದ ಜನ, ಸಾಗಿದ ಸರಕು ಹೊರಗೆ. ಗಿರಣಿಯಾದರೆ ಹತ್ತಿ, ಯಂತ್ರ, ಕರೆಂಟು, ಆಳು ಒಳಗೆ. ಅರಳೆ ಮತ್ತು ಹತ್ತಿಕಾಳು ಹೊರಗೆ. ಕಡಿಮೆ ಹಾಕಿ ಹೆಚ್ಚು ತೆಗೆದವರನ್ನೇ ಗೆರೆಯಾಗಿಟ್ಟುಕೊಂಡು, ಉಳಿದವರು ಆ ಗೆರೆಯಿಂದ ಎಷ್ಟು ಹಿಂದೆ ಎಂದು ನೋಡುವುದು. ಆದರ್ಶ ಗಿರಣಿ ಹೇಗಿರಬೇಕೆಂದು ಯಾರೂ ಊಹಿಸಬೇಕಾಗಿಲ್ಲ. ಇರುವವುಗಳಲ್ಲಿ ಒಳ್ಳೆಯದೇ ಗೆರೆ. ಈ ಕ್ರಮ ನನಗೆ ಹಿಡಿಸಿತು. ಅದರಲ್ಲಿ ಭಾಷಣಕ್ಕೆ ಜಾಗವಿರಲಿಲ್ಲ.

ಒಳಗೆ ಹೋದಾಗ ಗಿರಣಿ ಜಾತ್ರೆಯಂತೆ ತುಂಬಿತ್ತು. ಹತ್ತಿಯಿಂದ ಕಾಳು ಬೇರ್ಪಡಿಸುವ ಯಂತ್ರಗಳು ಸಾಲಾಗಿದ್ದವು. ಒಂದೊಂದರ ಮುಂದೆ ಒಬ್ಬ ಹೆಂಗಸು ಕೂತು ಅದರ ಬಾಯಿಗೆ ಹತ್ತಿ ಉಣಿಸಬೇಕು. ಅಂದು ಒಂದೊಂದರ ಮುಂದೆ ಇಬ್ಬಿಬ್ಬರು ಒತ್ತಿಕೊಂಡು ಕೂತಿದ್ದರು. ಕೂರಲು ಜಾಗ ಸಿಗದವರು ಗೋಡೆಗೆ ಒರಗಿ ನಿಂತಿದ್ದರು. ಪ್ರಾಧ್ಯಾಪಕಿ ಸಾಲು ಸುತ್ತಿ ತಲೆ ಎಣಿಸಿಕೊಂಡು ನನ್ನ ಬಳಿ ಬಂದರು. ಅವರ ಮುಖ ಸಪ್ಪಗಾಗಿತ್ತು.

“ಸರ್, ಯಾದಗಿರಿಯಲ್ಲಿದ್ದಷ್ಟೇ ಯಂತ್ರ, ಗಿರಣಿಯ ಲೆಕ್ಕದಲ್ಲಿ ಅರಳೆಯೂ ಅಷ್ಟೇ. ಆದರೆ ಆಳು ಹೆಚ್ಚುಕಡಿಮೆ ಇಮ್ಮಡಿ. ಇದು ತುಂಬಾ ಕೆಳಗೆ ಹೋಗುತ್ತೆ.”

ಸಾವ್ಕಾರರು ಕೇಳಿಸಿಕೊಂಡರು.

ನಾನು ಹೆಂಗಸರನ್ನು ನೋಡುತ್ತ ನಿಂತೆ. ಅರ್ಧ ಮಂದಿಯ ಹುಬ್ಬಿನಲ್ಲಿ, ಕೂದಲಲ್ಲಿ ಅರಳೆಯ ಎಳೆ ಕೂತಿತ್ತು. ಹಲವು ದಿನ ಗಿರಣಿಯಲ್ಲಿ ಕೂತವರಿಗೆ ಅದು ತೊಳೆದರೂ ಪೂರ್ತಿ ಹೋಗುವುದಿಲ್ಲ. ಉಳಿದರ್ಧ ಮಂದಿ ಎಣ್ಣೆ ಹಚ್ಚಿ ಬಾಚಿಕೊಂಡು, ಹಬ್ಬದ ಸೀರೆ ಉಟ್ಟು ಬಂದಿದ್ದರು. ಅವರ ಹಿಮ್ಮಡಿಯ ಬಿರುಕಿನಲ್ಲಿ ಎರೆಮಣ್ಣು ಒಣಗಿತ್ತು.

“ಆಯಿ, ಇವ್ರೆಲ್ಲ ದಿನಾ ಬರ್ತಾರೇನು?” ಎಂದು ಕೇಳಿದೆ.

“ದಿನಾ ಎಲ್ಲಿ ಬರ್ತಾರ್ರೀ! ನಮ್ದು ಜೋಡಿ ಪಾಳಿ. ಒಂದ್ ಜಾಗಕ್ಕ ಇಬ್ರು. ಕಾಲುವಿ ನೀರು ಯಾರ ಹೊಲಕ್ಕ ಬರ್ತದ ಆಕಿ ಹೊಲದಾಗ, ಇನ್ನೊಬ್ಬಾಕಿ ಗಿರಣ್ಯಾಗ. ನೀರಿನ ಪಾಳಿ ತಿರುಗಿದ್ರ ಇವ್ರೂ ತಿರುಗತಾರ.”

“ಮತ್ತ ಇವತ್ತ ಯಾಕ ಎಲ್ಲಾರೂ ಬಂದಾರ?”

“ಸಾಹೇಬ್ರು ಬರಾಕತ್ತಾರ ಅಂದ್ರ ಗಿರಣಿ ತುಂಬಿ ಕಾಣಬೇಕಲ್ರೀ. ಖಾಲಿ ಕಂಡ್ರ ಏನ್ ಮರ್ಯಾದಿ? ನಾನೇ ಮನಿಮನಿಗಿ ಹೋಗಿ ಕರ್ಕೊಂಡ್ ಬಂದೀನಿ.”

ಸಾವ್ಕಾರರು ಹಣೆ ಬಡಿದುಕೊಂಡರು. “ಅಯ್ಯ ಮುದುಕಿ, ಗಿರಣಿ ಮುಳುಗಸ್ದೆಲ್ಲ!”

“ನಾ ಮುಳುಗಸ್ದೆ? ಹಿಂದಕ ಲೈಸೆನ್ಸಿನ ಸಾಹೇಬ ಬಂದಾಗ ಮಂದಿ ಜಾಸ್ತಿ ಕಾಣ್ಲಿ ಅಂದವ್ರು ಯಾರ್ರೀ? ನೀವೇ ಅಲ್ಲ? ಆವಾಗ ನಮ್ಮ ಎಮ್ಮಿ ಕಾಯೋ ಮುದುಕನ್ನೂ ಕೂಡಸಿದ್ರಿ!”

ಯಂತ್ರದ ಸದ್ದಿನ ನಡುವೆಯೂ ಹೆಂಗಸರು ನಕ್ಕದ್ದು ಕೇಳಿಸಿತು. ಅವಳು ಹೇಳಿದ್ದು ನಿಜ. ಆ ಕಾಲದಲ್ಲಿ ತುಂಬಿದ ಗಿರಣಿಗೆ ಅನುಮತಿ ಬೇಗ ಸಿಗುತ್ತಿತ್ತು. ಹೊಸ ಅಳತೆಯಲ್ಲಿ ಅದೇ ತುಂಬಿದ ಗಿರಣಿ ಸೋಮಾರಿ. ಕಾಲ ಬದಲಾದದ್ದನ್ನು ಆಯಿಗೆ ಯಾರೂ ತಿಳಿಸಿರಲಿಲ್ಲ.

ಪ್ರಾಧ್ಯಾಪಕಿ ಒಪ್ಪಲಿಲ್ಲ. “ಕಣ್ಣಾರೆ ಕಂಡದ್ದು ಬಿಟ್ಟು ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡರೆ, ನಾಳೆ ಎಲ್ಲ ಗಿರಣಿಯವರೂ ಹೀಗೇ ಹೇಳ್ತಾರೆ ಸರ್.”

ಅವರ ಮಾತು ನ್ಯಾಯವಾದದ್ದು. ನಾನು ಅಂದೆ: “ಹಾಗಾದರೆ ಕಣ್ಣಾರೆಯೇ ನೋಡೋಣ. ಇವತ್ತು ನೀರಿನ ಪಾಳಿ ಇರುವವರು ಹೊಲಕ್ಕೆ ಹೋಗಲಿ. ಉಳಿದವರಿಂದ ಗಿರಣಿ ನಡೆಯುತ್ತದೋ ಇಲ್ಲವೋ ಮಧ್ಯಾಹ್ನದವರೆಗೆ ನಿಂತು ನೋಡೋಣ. ತಲೆ ಬೇಡ, ದುಡಿದ ತಾಸು ಎಣಿಸೋಣ.”

ಆಯಿ ಕೂಗಿ ಹೇಳಿದ್ದೇ ತಡ, ಹಬ್ಬದ ಸೀರೆಯವರು ಸೆರಗು ಸಿಕ್ಕಿಸಿಕೊಂಡು ಎದ್ದರು. “ನೀರ್ ಬಿಟ್ಟು ತಾಸಾತಬೇ, ಓಡ್ರಿ!” ಎಂದು ಒಬ್ಬಳು ಅಂದದ್ದೇ ಎಲ್ಲರೂ ಓಡಿದರು. ಸಾಹೇಬರಿಗೆ ಮುಖ ತೋರಿಸಲು ಅವರು ನೀರಿನ ಸರದಿಯನ್ನೇ ಬಿಟ್ಟು ಬಂದಿದ್ದರು.

ಯಂತ್ರಗಳು ನಿಲ್ಲಲಿಲ್ಲ. ಒತ್ತಾಟವಿಲ್ಲದೆ ಕೈ ಸಲೀಸಾಗಿ ಆಡಿ, ಅರಳೆ ಮುಂಚಿಗಿಂತ ಸರಾಗವಾಗಿ ಬಿತ್ತು. ಪ್ರಾಧ್ಯಾಪಕಿ ಪೂರ್ತಿ ಹೊತ್ತು ನಿಂತೇ ನೋಡಿದರು. ಆಮೇಲೆ ತಾವಾಗಿಯೇ ಹೇಳಿದರು: ವಿಮಾನ ನಿಲ್ದಾಣದಲ್ಲಿಯೂ ಇದೇ ತೊಡಕು. ಕಾವಲಿನವರು ಸರ್ಕಾರದವರು, ಕಸ ಗುಡಿಸುವವರು ಗುತ್ತಿಗೆಯವರು. ಗೇಟಿನೊಳಗೆ ಬಂದವರನ್ನೆಲ್ಲ ಎಣಿಸಿದರೆ ನಿಲ್ದಾಣ ದಡ್ಡ, ಅದರ ಸ್ವಂತ ನೌಕರರನ್ನಷ್ಟೇ ಎಣಿಸಿದರೆ ಚುರುಕು.

ಆಗ ನನಗೆ ಯಾದಗಿರಿ ನೆನಪಾಯಿತು. ಶಹಾಪುರದ ಗಿರಣಿಯಲ್ಲಿ ಅರಳೆ ಒತ್ತಿ ಕಟ್ಟಿದ ಬೇಲು ಎತ್ತುವವರೂ ಗಿರಣಿಯ ಆಳುಗಳೇ. ಯಾದಗಿರಿಯಲ್ಲಿ ರೈಲಿಗೆ ಬೇಲು ಹೊರುವ ಹಮಾಲರನ್ನು ನಾವು ಎಣಿಸಿಯೇ ಇರಲಿಲ್ಲ. ಹಾಗೆಂದು ಹೇಳಿದೆ.

“ಅವ್ರು ಗುತ್ತೇದಾರನ ಮಂದಿ. ನಮ್ಮವ್ರಲ್ಲ,” ಎಂದರು ಸಾವ್ಕಾರರು.

“ಬೇಲು ಯಾರ್ದು?” ಎಂದೆ ನಾನು.

“ಬೇಲು ನಂದ.”

“ಹಂಗಾದ್ರ ಎತ್ತಿದ ತಾಸೂ ನಿಮ್ದ. ಎರಡೂ ಗಿರಣಿಗಿ ಒಂದೇ ಅಳತಿ ಇರ್ಲಿ.”

ನಾವು ಹೊರಡುವ ಹೊತ್ತಿಗೆ ಹೊಲಕ್ಕೆ ಓಡಿದ್ದವರಲ್ಲಿ ಒಬ್ಬಳು ಮೊಣಕಾಲ ತನಕ ಕೆಸರಾಗಿ ವಾಪಸ್ಸು ಬಂದಳು. “ಆಯಿ, ನಮ್ಮ ನೀರು ಕೆಳಗಿನ ಹೊಲದವ್ರು ತಿರುವಿಕೊಂಡಿದ್ರು. ಜಗಳಾಡಿ ತಿರುವಿ ಬಂದೀನಿ. ಇನ್ನ ಯಾವ ಸಾಹೇಬ ಬಂದ್ರೂ ನನ್ನ ಕರೀಬ್ಯಾಡ.” ಆಯಿ ತಲೆಯಾಡಿಸಿದಳು. ಅವಳ ಕಣ್ಣು ಸಾವ್ಕಾರರ ಮೇಲಿತ್ತು.

“ಕೀಲಿ ಮಾತು ಏನಾತ್ರೀ?” ಎಂದು ಅವರನ್ನೇ ಕೇಳಿದಳು.

“ಸಂಜಿಗಿ ನೋಡೂಣು.”

ಸಾವ್ಕಾರರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಭೀಮೆಯ ಸೇತುವೆ ದಾಟಿ ಯಾದಗಿರಿ ಸೇರಿದಾಗ ಬಿಸಿಲು ಇಳಿಯುತ್ತಿತ್ತು. ರೈಲಿನ ಗೂಡ್ಸ್ ಯಾರ್ಡಿನಲ್ಲಿ ಹಮಾಲರು ಅದೇ ಗಿರಣಿಯ ಬೇಲುಗಳನ್ನು ಏರಿಸುತ್ತಿದ್ದರು. ಕೊನೆಯ ಬೇಲು ಏರುವ ತನಕ ನಿಂತು ಅವರ ತಾಸನ್ನೂ ಸೇರಿಸಿದೆವು. ನಂತರ ಸ್ಟೇಷನ್ನಿನ ಎದುರಿನ ಚಹಾದಂಗಡಿಯಲ್ಲಿ ಪ್ರಾಧ್ಯಾಪಕಿ ಕ್ಯಾಲ್ಕುಲೇಟರ್ ಒತ್ತಿದರು. ಪಕ್ಕಾ ಲೆಕ್ಕ ಕಂಪ್ಯೂಟರಿನಲ್ಲೇ ಆಗಬೇಕು, ಇದು ಕಚ್ಚಾ ಎಂದು ಮೊದಲೇ ಹೇಳಿದರು. ಯಾದಗಿರಿ ಸ್ವಲ್ಪ ಇಳಿಯಿತು, ಶಹಾಪುರ ಬಹಳ ಏರಿತು. ಎರಡರ ನಡುವೆ ಉಳಿದದ್ದು ಕೂದಲೆಳೆಯ ಅಂತರ.

“ಎರಡೂ ಸಮ ಬಂದ್ರ ನಾ ಏನ್ ಮಾಡ್ಲಿ?” ಎಂದು ಸಾವ್ಕಾರರು ಕೇಳಿದರು.

“ಅದನ್ನು ಈ ಅಳತೆ ಹೇಳೋದಿಲ್ಲ,” ಎಂದರು ಪ್ರಾಧ್ಯಾಪಕಿ.

ಸಾವ್ಕಾರರು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು ನಿಧಾನವಾಗಿ ಕುಡಿದರು. “ಹಂಗಾದ್ರ ಈ ಹಂಗಾಮಿಗಿ ಯಾವ್ದಕ್ಕೂ ಕೀಲಿ ಬ್ಯಾಡ. ಮಷೀನಿನ ಮಾತು ಮುಂದ ನೋಡೂಣು.”

ಉಳಿದದ್ದು ಒಂದು ಕೆಲಸ. ಶಹಾಪುರದ ಮೇಲೆ ಸುರಪುರಕ್ಕೆ ಹೋಗುವ ಬಸ್ಸು ಅಂಗಡಿಯ ಎದುರೇ ನಿಂತಿತ್ತು. ಕಂಡಕ್ಟರನನ್ನು ಕರೆದು, ಗಿರಣಿಯ ಗೇಟಿನಲ್ಲಿ ಕಾದಿರುವ ಆಯಿಗೆ ಒಂದು ಸುದ್ದಿ ಮುಟ್ಟಿಸಬೇಕೆಂದೆ.

“ಆಯಿ ಯಾರಿಗ್ ಗೊತ್ತಿಲ್ರೀ ಸಾಹೇಬ್ರ. ಕಿಟಕಿ ಸೀಟಿನ ಸಲುವಾಗಿ ವಾರಕ್ಕೊಮ್ಮಿ ನನ್ ಕೂಡ ಜಗಳ ಆಡ್ತಾಳ. ಏನ್ ಹೇಳ್ಲಿ?”

“ಕೀಲಿ ಬೀಳಂಗಿಲ್ಲ. ನಾಳಿ ಪಾಳಿ ಇದ್ದವ್ರಷ್ಟೇ ಬರ್ಲಿ.”

ಮತ್ತೊಮ್ಮೆ ಅವನ ಬಾಯಿಂದಲೇ ಹೇಳಿಸಿದೆ. ತಪ್ಪಿಲ್ಲದೆ ಹೇಳಿದ. ಸೀಟಿ ಊದಿದ, ಬಸ್ಸು ಹೊರಟಿತು. ನಾನು ಮನೆಯ ದಾರಿ ಹಿಡಿದೆ.