ಅರ್ಧ ದಾಡಿ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಚಿಕ್ಕೋಡಿಯಲ್ಲಿದ್ದು ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ದಲಿತ ಕೇರಿಗಳಿಂದ ಬಂದ ದೂರುಗಳನ್ನೆಲ್ಲ ಸಂಪಾದಕರು ನನಗೇ ದಾಟಿಸುತ್ತಿದ್ದರು. ನಾನೂ ಅಥಣಿಯ ಅಂಥದೇ ಕೇರಿಯವನು. ಖಾತ್ರಿ ಮಾಡಿಕೊಳ್ಳದೆ ಒಂದು ಸಾಲೂ ಬರೆಯಕೂಡದು ಎನ್ನುವುದು ಅವರ ಕಟ್ಟುನಿಟ್ಟು.

ರಾಯಬಾಗ ತಾಲೂಕಿನ ಒಂದು ಹಳ್ಳಿಯಿಂದ ಕಾರ್ಡು ಬಂತು. ಊರಿನ ಕ್ಷೌರದಂಗಡಿಯಲ್ಲಿ ತಮ್ಮನ್ನು ಕೂರಿಸುವುದಿಲ್ಲ, ಕಟಿಂಗಿಗೆ ಚಿಕ್ಕೋಡಿಗೇ ಹೋಗಬೇಕು ಎಂದು ಕೇರಿಯವರು ಬರೆದಿದ್ದರು. ಪತ್ರಿಕೆಯಿಂದ ಊರ ಹಿರಿಯರಿಗೆ ಕೇಳಿ ಬರೆದರೆ, ಎಲ್ಲ ಸುಳ್ಳು ಎಂಬ ಉತ್ತರ ಬಂತು. ಯಾರ ಮಾತನ್ನು ನಂಬುವುದು? ನಾನೇ ಹೋಗಿ ಆ ಕುರ್ಚಿಯಲ್ಲಿ ಕೂರುವುದೆಂದು ನಿರ್ಧರಿಸಿದೆ.

ಹನ್ನೊಂದು ಗಂಟೆಗೆ ಬಸ್ಸಿಳಿದೆ. ಅಂಗಡಿಯ ಮರದ ಬಾಕಿನ ಮೇಲೆ ಮೂವರು ಹರಟುತ್ತ ಕೂತಿದ್ದರು. ಅಂಗಡಿಯಾತ ಐವತ್ತರ ಆಸುಪಾಸಿನ ಸಣಕಲು ಮನುಷ್ಯ.

"ಕುಂದರ್ರಿ ಪಾವ್ನ್ಯಾರ. ಕಟಿಂಗೇನ್ರಿ, ದಾಡಿನೋ?"

"ದಾಡಿ."

ಒಂದು ಗಲ್ಲ ಮುಗಿಸಿ ಕತ್ತಿಯನ್ನು ಗಂಟಲಿಗೆ ಇಳಿಸಿದಾಗ ಬಾಕಿನ ಮೇಲಿನ ಮುದುಕ ಕೇಳಿದ, "ಪಾವ್ನ್ಯಾರದು ಯಾವೂರ್ರಿ?"

"ಅಥಣಿ."

"ಅಥಣ್ಯಾಗ ಯಾರ ಪೈಕಿ?"

ಯಾವುದಾದರೊಂದು ಮೇಲ್ಜಾತಿಯ ಅಡ್ಡಹೆಸರು ಹೇಳಿದ್ದರೆ ಮುಗಿಯುತ್ತಿತ್ತು, ಒಂದು ತುಟಿಗೂ ಬಂದಿತ್ತು. ಆದರೆ ಬಂದ ಕೆಲಸ? ನಮ್ಮ ಕೇರಿಯ ಹೆಸರು ಹೇಳಿದೆ.

ಕತ್ತಿ ನಿಂತಿತು. ಅದರ ಅಲುಗು ಇನ್ನೂ ನನ್ನ ಗಂಟಲ ಮೇಲೇ ಇತ್ತು. ಈತ ಏನು ಮಾಡಿಬಿಡುತ್ತಾನೋ ಎಂದು ಅಲುಗಾಡದೆ ಕೂತೆ. ಕನ್ನಡಿಯಲ್ಲಿ ನೋಡಿದರೆ ಆತನ ಮುಖ ನನ್ನದಕ್ಕಿಂತ ಬಿಳಚಿಕೊಂಡಿತ್ತು. ಕತ್ತಿಯನ್ನು ಕೆಳಗಿಟ್ಟು ಕೈ ಒರೆಸಿಕೊಂಡ.

"ಇನ್ನೊಂದ್ ಗಲ್ಲ ಉಳದೈತಲ್ರಿ," ಎಂದೆ.

"ಅಂವಗೇನ್ ಕೇಳ್ತಿ? ಎದ್ದ್ ನಡಿಲೇ," ಎಂದ ಮುದುಕ.

ಕೊರಳ ಬಟ್ಟೆ ಬಿಚ್ಚುವ ನೆಪದಲ್ಲಿ ಅಂಗಡಿಯಾತ ಕಿವಿಯ ಹತ್ತಿರ ಬಗ್ಗಿದ. "ಹೋಗ್ರಿ ಸಾಹೇಬ್ರ, ನಿಮ್ಮ ಕಾಲ್ ಬೀಳ್ತೀನಿ. ನಾ ಇದ ಊರಾಗ ಬಾಳೇ ಮಾಡ್ಬೇಕ್ರಿ."

ಮುಖದ ಮೇಲೆ ನೊರೆ ಇದ್ದಂತೆಯೇ ಹೊರಬಿದ್ದೆ. ಬಾಕಿನ ಮೇಲಿದ್ದ ಉಳಿದಿಬ್ಬರು ಎದ್ದು ಹಿಂದೆ ಬಂದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಂತರೆ ಕೆಟ್ಟೆ ಅನಿಸಿ ರಸ್ತೆ ಹಿಡಿದು ನಡೆದೆ. ಎರಡೂ ಬದಿಗೆ ಆಳೆತ್ತರದ ಕಬ್ಬು. "ಏ ಅಥಣಿಯಾಂವ, ನಿಲ್ಲಲೇ!" ತಿರುಗಿ ನೋಡಲಿಲ್ಲ. ಎದುರಿಗೆ ಯಾರೂ ಇಲ್ಲ. ಹೆಜ್ಜೆ ಸದ್ದು ಹತ್ತಿರಾಗುತ್ತಿದ್ದಾಗ ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂತು. ಕೈ ಅಡ್ಡ ಹಾಕಿದೆ. ಡ್ರೈವರ್ ನನ್ನ ಮುಖ ನೋಡಿ ಏನೂ ಕೇಳದೆ ಹತ್ತಿಸಿಕೊಂಡ. ಹೆದ್ದಾರಿಯಲ್ಲಿ ಇಳಿದವನೇ ರಸ್ತೆಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ.

"ಒಲ್ಲೆ ಅಂತ ಅಂಗಡಿಯಾಂವ ಬಾಯಿಬಿಟ್ಟು ಹೇಳಿದ್ನೇನು?" ಸಂಪಾದಕರು ಫೋನಿನಲ್ಲಿ ಕೇಳಿದರು.

"ಇಲ್ರಿ. ಕತ್ತಿ ಕೆಳಗಿಟ್ಟ. ಎದ್ದು ನಡಿ ಅಂದಾಂವ ಮುದುಕ."

"ಹಂಗಾದ್ರ ಅಷ್ಟ ಬರಿ."

ಅಷ್ಟೇ ಬರೆದೆ. ಅಂಗಡಿಯಾತ ಕಿವಿಯಲ್ಲಿ ಹೇಳಿದ್ದನ್ನು ಮಾತ್ರ ಬಿಟ್ಟೆ. ಅಚ್ಚಾದರೆ ಅವನನ್ನು ಏನು ಮಾಡುತ್ತಾರೋ ಎಂಬ ದಿಗಿಲು.

ಸುದ್ದಿ ಬಂದ ಮೇಲೆ ಅಧಿಕಾರಿಗಳು ಹಳ್ಳಿಗೆ ಹೋಗಿ, ಕೇರಿಯ ಮೂವರಿಗೆ ತಮ್ಮೆದುರೇ ಕಟಿಂಗ್ ಮಾಡಿಸಿದರು. ಮರುದಿನದಿಂದ ಊರವರು ಅಂಗಡಿಗೆ ಕಾಲಿಡಲಿಲ್ಲ. ತಿಂಗಳೊಳಗೆ ಬಾಗಿಲಿಗೆ ಬೀಗ ಬಿತ್ತು. ಕಾರ್ಡು ಬರೆದವರೇ ಬಂದು ತಿಳಿಸಿದರು: "ನಿಪ್ಪಾಣಿಗೆ ಹೋಗ್ಯಾನಂತ್ರಿ, ಹೆಂಡ್ರು ಮಕ್ಕಳನ್ನ ಕರ್ಕೊಂಡು."

ತಂಬಾಕು ಕೆಲಸದ ಹೆಂಗಸರ ಸುದ್ದಿಗೆಂದು ನಿಪ್ಪಾಣಿಗೆ ಹೋದಾಗ ಒಮ್ಮೆ ಆತನನ್ನು ಕಂಡೆ. ಯಾರದೋ ಅಂಗಡಿಯಲ್ಲಿ ಆತ ಗಿರಾಕಿಯ ತಲೆಗೆ ನೀರು ಹಚ್ಚುತ್ತಿದ್ದ. ಮಾತಾಡಿಸಬೇಕೆಂದು ಮೆಟ್ಟಿಲವರೆಗೆ ಹೋದೆ. ಏನನ್ನುತ್ತಾನೋ ಎಂದು ಅಳುಕಿ ನಿಂತೆ. ಆತ ತಲೆ ಎತ್ತುವ ಮೊದಲೇ ದಾಟಿಹೋದೆ.