ಬುವಾಲೈ ಚಿಕ್ಕಮ್ಮನ ಸುಣ್ಣದ ಬಟ್ಟಲು

ನಮ್ಮ ಬುವಾಲೈ ಚಿಕ್ಕಮ್ಮ ನಲವತ್ತು ವರ್ಷ ರೇಷ್ಮೆ ಹುಳು ಸಾಕಿದವಳು. ಬಿಳಿ ಬೂಷ್ಟು ಕಂಡರೆ ಅವಳಿಗೆ ಹಾವು ಕಂಡ ಹಾಗೆ. ಒಂದು ಹುಳುವಿಗೆ ಸುಣ್ಣಕಟ್ಟು ರೋಗ ಬಂದು ಮೈಮೇಲೆ ಬೆಳ್ಳಗೆ ಪುಡಿ ಎದ್ದಿತೋ, ನಾಲ್ಕು ದಿನದಲ್ಲಿ ತಟ್ಟೆಗೆ ತಟ್ಟೆಯೇ ಸಾಫು. ಅದಕ್ಕೇ ಅವಳ ಮನೆಯಲ್ಲಿ ಸುಣ್ಣದ ತಿಳಿನೀರಿನ ಬಟ್ಟಲು ಸದಾ ತಯಾರು. ಬಿಳುಪು ಕಂಡಲ್ಲಿ ಅದ್ದು, ಉಜ್ಜು. ಥಾಯ್ಲೆಂಡಿನ ಈಶಾನ್ಯದ ನಮ್ಮ ಇಸಾನ್ ಸೀಮೆಯಲ್ಲಿ ಹುಳು ಸಾಕುವ ಹೆಂಗಸರೆಲ್ಲ ಹಾಗೇ. ನಾನೂ ಹಾಗೇ.

ಚಿಕ್ಕಪ್ಪ ತೀರಿಕೊಂಡ ಮೇಲೆ ಅವಳು ವಿಹಾರದ ಹಿಂದಿನ ಹಳೆಯ ಮರಗೆಣಸಿನ ಹೊಲದಲ್ಲಿ ಯಾಂಗ್ ಎಂಬ ಕಾಡುಮರದ ಸಸಿ ನೆಡಲು ಹೊರಟಳು. ಆ ಪುಣ್ಯ ಗಂಡನಿಗೆ ಸೇರಲಿ ಎಂದು. ಕಾಡಿನ ದೊಡ್ಡ ಮರಗಳ ಬುಡದಿಂದ ಸಸಿ ಕಿತ್ತು ತರುತ್ತಿದ್ದೆವು. ಬೇರಿಗೆ ಬೆಳ್ಳಗೆ ಏನೋ ಮೆತ್ತಿಕೊಂಡಿರುತ್ತಿತ್ತು. "ಚಿಕ್ಕಮ್ಮಾ, ಬೂಷ್ಟು!" ಎಂದು ಮೊದಲು ಕೂಗಿದವಳು ನಾನೇ, ಪಾಪಿ. ನಾನು ಬಟ್ಟಲು ಹಿಡಿಯುತ್ತಿದ್ದೆ. ಅವಳು ಮಗುವಿನ ಕಾಲು ತೊಳೆದ ಹಾಗೆ ಒಂದೊಂದು ಬೇರನ್ನೂ ಸುಣ್ಣದ ನೀರಿನಲ್ಲಿ ಅದ್ದಿ, ಬೆರಳಲ್ಲಿ ತಿಕ್ಕಿ ನೆಡುತ್ತಿದ್ದಳು.

ಮೊದಲ ವರ್ಷ ಅರವತ್ತು ಸಸಿ. ಬೇಸಿಗೆಗೆ ಎಲ್ಲ ಹಳದಿಯಾಗಿ ಸತ್ತವು. ಎರಡನೆಯ ವರ್ಷವೂ ಅದೇ ಗತಿ, ಮೂರನೆಯ ವರ್ಷವೂ. ಬುವಾಲೈ ಕೈಗುಣ ಸರಿಯಿಲ್ಲ ಎಂದು ಊರು ಆಡಿಕೊಂಡಿತು. ಅವಳಿಗೆ ಚುಚ್ಚಿದ್ದು ಅದಲ್ಲ. ಒಂದು ಮಧ್ಯಾಹ್ನ ಅಂಟಕ್ಕಿ ಅನ್ನದ ಬುಟ್ಟಿ ಮುಂದಿಟ್ಟುಕೊಂಡು ಒಂದು ತುತ್ತೂ ಮುಟ್ಟದೆ ಕೂತಿದ್ದಳು.

"ನಿಮ್ಮ ಚಿಕ್ಕಪ್ಪ ನನ್ನ ಕೈಯಿಂದ ಪುಣ್ಯ ತಗೊಳ್ತಿಲ್ಲ ಕಣೇ. ಬದುಕಿದ್ದಾಗ ಬಾಯಿಗೆ ಬಂದಂಗೆ ಬೈದಿದ್ದೆನಲ್ಲ, ಅದಕ್ಕೇ ಬೇಡ ಅಂತಿದಾರೆ."

ಅದೇ ಹೊಲದ ಮೂಲೆಯಲ್ಲಿ ಅವಳ ಮೈದುನ ಲಾಮ್ ಕೂಡ ಹತ್ತು ಸಸಿ ನೆಟ್ಟಿದ್ದ. ಶುದ್ಧ ಸೋಮಾರಿ. ಮಣ್ಣಿನ ಹೆಂಟೆ ಸಮೇತ ತಂದು, ಗುಳಿಗೆ ಹಾಕಿ, ಕಾಲಲ್ಲಿ ತುಳಿದು ಹೋಗಿದ್ದ. ಆ ಹತ್ತೂ ಈಗ ಎದೆಮಟ್ಟ!

ಈ ಸಲ ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಲಾಮ್ ಹಲ್ಲು ಕಿರಿಯುತ್ತ ಬಂದ. "ಅತ್ತಿಗೇ, ಬುಟ್ಟಿ ತಗೊಂಡು ಬನ್ನಿ. ನನ್ನ ಗಿಡದ ಬುಡದಲ್ಲಿ ಅಣಬೆ ಎದ್ದಿದೆ. ನಿಮ್ಮದು ಬದುಕೋದೇ ಇಲ್ಲ, ನಂದು ಸಾರಿಗೂ ಕೊಡ್ತಿದೆ!"

ಹೋದೆವು. ವಿಹಾರದ ಹಿರಿಯ ಭಿಕ್ಷುಗಳು ಆಗಲೇ ಅಲ್ಲಿ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಮೆಲ್ಲಗೆ ಮಣ್ಣು ಕೆದಕುತ್ತಿದ್ದರು. ಅಣಬೆಯ ಬುಡದಿಂದ ಬಿಳಿ ಎಳೆಗಳು ಹೊರಟು ಗಿಡದ ಬೇರನ್ನು ಸುತ್ತಿಕೊಂಡಿದ್ದವು. ಅಯ್ಯೋ, ಅದೇ ಬಿಳುಪು! ನಾವು ತಿಕ್ಕಿ ತಿಕ್ಕಿ ತೆಗೆಯುತ್ತಿದ್ದದ್ದು!

"ಇದು ರೋಗ ಅಲ್ವಾ ಭಂತೇ?" ಚಿಕ್ಕಮ್ಮ ಕೇಳಿದಳು.

"ರೋಗ ಯಾಕಾಗುತ್ತೆ ತಾಯಿ? ಇದು ಅಣಬೇದೇ ಮೈ. ಬೇರು ನುಗ್ಗಲಾರದ ಸಂದಿಗೆಲ್ಲ ಈ ಎಳೆ ನುಗ್ಗಿ ನೀರು, ಮಣ್ಣಿನ ಸಾರ ತಂದು ಗಿಡಕ್ಕೆ ಉಣಿಸುತ್ತೆ. ಗಿಡ ತಾನು ಮಾಡಿದ ಸಕ್ಕರೇಲಿ ಇದಕ್ಕೂ ಪಾಲು ಕೊಡುತ್ತೆ. ಈ ಮರಗೆಣಸಿನ ಹೊಲದಲ್ಲಿ ಇದೆಲ್ಲಿಂದ ಬರಬೇಕು? ಕಾಡಿಂದ ಬೇರಿನ ಜೊತೇಲೇ ಬರಬೇಕು."

ಲಾಮ್‌ನ ನಗು ಅಲ್ಲೇ ನಿಂತಿತು. ಚಿಕ್ಕಮ್ಮ ತನ್ನ ಎರಡೂ ಕೈ ಬಿಡಿಸಿ ನೋಡಿಕೊಂಡಳು.

"ಅವರು ಬೇಡ ಅಂದಿರಲಿಲ್ಲ ಕಣೇ," ಎಂದಳು. "ಉಣಿಸೋ ಕೈನ ನಾನೇ ಮುರಿದು ನೆಟ್ಟೆ. ಮೂರು ವರ್ಷ!"

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ, ನೆಟ್ಟಗೆ ಕಾಡಿನ ದಾರಿ ಹಿಡಿದಳು. ದೊಡ್ಡ ಯಾಂಗ್ ಮರದ ಬುಡದಿಂದ ಒಂದು ಸಸಿಯನ್ನು ಹೆಂಟೆ ಸಮೇತ ಎತ್ತಿ ಮಡಿಲಲ್ಲಿಟ್ಟುಕೊಂಡು ಬಂದಳು. ಈ ವರ್ಷ ನೆಡಲೆಂದು ತೋಡಿದ್ದ ಗುಳಿಯ ಹತ್ತಿರ ಇಟ್ಟಿದ್ದ ಸುಣ್ಣದ ಬಟ್ಟಲನ್ನು ಅಭ್ಯಾಸಬಲದಿಂದ ನಾನು ಮುಂದೆ ಹಿಡಿದೆ. ನನ್ನ ಕೈಗೆ ಬೆಂಕಿ ಹಾಕಬೇಕು! ಅವಳು ಅದನ್ನು ಕಿತ್ತುಕೊಂಡು ಬೇಲಿಯಾಚೆ ಎಸೆದಳು.

ಆಮೇಲೆ ಸಸಿಯನ್ನು ಗುಳಿಯಲ್ಲಿ ಕೂರಿಸಿ, ಮಣ್ಣು ಎಳೆಯುತ್ತ ಚಿಕ್ಕಪ್ಪನಿಗೆ ಹೇಳಿದಳು:

"ತಗೊಳ್ಳಿ. ಈ ಸಲ ತೊಳೆದಿಲ್ಲ."