ಗಂಡ ಆಣೆ ಮುರಿದ ಮೇಲೆ ಅಮ್ಮ ಕೊಟ್ಟ ಮನೆ

ಇನ್ನು ಹೆಂಡತಿಯ ಮೇಲೆ ಕೈ ಎತ್ತುವುದಿಲ್ಲ ಎಂದು ನನ್ನ ತವರೂರಿನ ದೇವಿ, ನಮ್ಮ ಅಮ್ಮನ ಗುಡಿಯ ನಡೆಯಲ್ಲಿ ಪ್ರಸಾದ ಹಿಡಿದು ಆಣೆ ಹಾಕಿದ ನನ್ನ ಗಂಡ, ತಿಂಗಳು ತುಂಬುವ ಮೊದಲೇ ನನ್ನ ಎಡಗೈ ಮುರಿದ. ಇದು ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾವು ಮೂಡಬಿದ್ರೆ ಹತ್ತಿರದ ಪುತ್ತಿಗೆಯಲ್ಲಿದ್ದೆವು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಬಚ್ಚಲಲ್ಲಿ ಜಾರಿ ಬಿದ್ದೆ ಅಂದೆ. ಬಾಗಿಲ ಹತ್ತಿರ ಅವನೇ ನಿಂತಿದ್ದ, ಬೇರೇನು ಹೇಳಲಿ?

ಅವನು ಕೆಲಸಕ್ಕೆ ಹೋದ ಹೊತ್ತು ನೋಡಿ, ಪ್ಲಾಸ್ಟರ್ ಹಾಕಿದ ಕೈಯಲ್ಲೇ ಮಗಳನ್ನು ಸೊಂಟಕ್ಕೇರಿಸಿಕೊಂಡು ಬಂಟ್ವಾಳದ ಬಸ್ಸು ಹತ್ತಿ ತವರಿಗೆ ಬಂದೆ. ಆಣೆ ಹಾಕಿಸಿದ್ದು ನನ್ನ ಅಣ್ಣನೇ. ಕೈ ನೋಡಿ ಅವನ ಕಣ್ಣಲ್ಲೂ ನೀರು ಬಂತು. ಆದರೆ ಅಂದದ್ದೇನು?

"ದೇವರ ನಡೆಯಲ್ಲಿ ತೀರ್ಮಾನ ಆದದ್ದು ತಂಗಿ. ಅವನನ್ನು ಅಮ್ಮನೇ ನೋಡಿಕೊಳ್ತಾಳೆ. ಈಗ ಪೊಲೀಸ್ ಸ್ಟೇಷನ್ ಅಂತ ಹೋದರೆ ಅಮ್ಮನ ಮೇಲೆ ನಂಬಿಕೆ ಇಲ್ಲ ಅಂತ ಆಗ್ತದೆ. ನಾಳೆ ನಾನೇ ನಿನ್ನನ್ನು ಪುತ್ತಿಗೆಗೆ ವಾಪಸ್ ಬಸ್ಸು ಹತ್ತಿಸ್ತೇನೆ."

ನಮ್ಮ ಕಡೆ ಹೀಗೆಯೇ. ದೇವರಿಗೆ ಒಪ್ಪಿಸಿಬಿಟ್ಟರೆ ಮನುಷ್ಯರ ಕೆಲಸ ಮುಗಿಯಿತು. ಊರಿನ ಹಿರಿಯರಿಗೂ ಅದೇ ಬೇಕಿತ್ತು. ಪೆಟ್ಟು ತಿನ್ನುವವಳು ಮಾತ್ರ ನಾನು.

ಮರುದಿನ ಬೆಳಿಗ್ಗೆ ಗುಡಿಗೆ ಹೋದೆ. ಕೈ ಮುಗಿಯಲೂ ಆಗುತ್ತಿರಲಿಲ್ಲ. "ಅಮ್ಮಾ, ಅವನಿಗೆ ಬುದ್ಧಿ ಕೊಡು ಎಂದು ಇನ್ನು ಕೇಳುವುದಿಲ್ಲ. ಒಳಗಿನಿಂದ ಚಿಲಕ ಹಾಕಲಿಕ್ಕೆ ಒಂದು ಬಾಗಿಲು ಕೊಡು. ಇಲ್ಲದಿದ್ದರೆ ಇವರು ನಿನ್ನ ಹೆಸರಲ್ಲೇ ನನ್ನನ್ನು ಕೊಲ್ಲಿಸ್ತಾರೆ" ಎಂದು ಜೋರಾಗಿಯೇ ಹೇಳಿದೆ. ಅಮ್ಮನ ಮೇಲೂ ಸಿಟ್ಟು ಬಂದಿತ್ತು.

ಹಿಂದೆ ಸುಮತಿಯಕ್ಕ ನಿಂತಿದ್ದರು. ಮಹಿಳಾ ಮೀಸಲಾತಿಯಲ್ಲಿ ಪಂಚಾಯತ್ ಸದಸ್ಯೆಯಾದವರು. ಮೀಟಿಂಗಿನಲ್ಲಿ ಚಹಾ ಕುಡಿಯುವುದು ಇವರು, ಮಾತಾಡುವುದು ಇವರ ಗಂಡ. ಇವರಿಂದ ಏನಾದೀತು ಅಂದುಕೊಂಡೆ.

"ಬಾ, ಪಂಚಾಯತಿಗೆ ಹೋಗುವ. ಇವತ್ತು ಮೀಟಿಂಗ್ ಉಂಟು" ಅಂದರು.

ಪಂಚಾಯತ್ ಆಫೀಸಿನ ಹಿಂದೆ ನರ್ಸಮ್ಮನ ಕ್ವಾರ್ಟರ್ಸ್ ಖಾಲಿ ಬಿದ್ದಿತ್ತು. ಅದನ್ನು ನನಗೆ ಕೊಡಬೇಕು ಎಂದು ಸುಮತಿಯಕ್ಕ ಎದ್ದು ನಿಂತು ಕೇಳಿದರು. ಅಧ್ಯಕ್ಷರು ನಕ್ಕರು. "ಗಂಡ ಹೆಂಡತಿ ಜಗಳಕ್ಕೆಲ್ಲ ಪಂಚಾಯತಿನಿಂದ ಮನೆ ಕೊಡ್ಲಿಕ್ಕೆ ಆಗ್ತದಾ ಅಕ್ಕ? ಇವಳಿಗೆ ಕೊಟ್ಟರೆ ನಾಳೆ ಊರಿನ ಹೆಂಗಸರೆಲ್ಲ ಬರ್ತಾರೆ."

ಸುಮತಿಯಕ್ಕನ ಗಂಡ "ನೀನು ಕೂತ್ಕೋ" ಅಂದರು. ಅವರು ಕೂರಲಿಲ್ಲ.

"ಬರ್ತಾರೆ ಅಂತ ನಿಮಗೆ ಗೊತ್ತುಂಟಲ್ಲ. ಯಾಕೆ ಬರ್ತಾರೆ ಅಂತಲೂ ಗೊತ್ತುಂಟು. ಮತ್ತೆ ಇಷ್ಟು ಸಮಯ ಏನು ಮಾಡ್ತಾ ಇದ್ದಿರಿ?"

ಅಧ್ಯಕ್ಷರು ನಡಾವಳಿ ಪುಸ್ತಕ ಎಳೆದುಕೊಂಡು ನನ್ನ ಹೆಸರು ಬರೆಸಿದರು. ಸಂಜೆಯೊಳಗೆ ಬೀಗದ ಕೈ ನನಗೆ ಸಿಕ್ಕಿತು.

ಗಂಡ ಹುಡುಕಿಕೊಂಡು ಬಂದ. ಬಾಗಿಲು ಬಡಿದ, ಬಾಯಿಗೆ ಬಂದದ್ದು ಬೈದ. ಒಳಗಿನಿಂದ ಚಿಲಕ ಹಾಕಿ ಮಗಳನ್ನು ತಬ್ಬಿಕೊಂಡು ಕೂತೆ. ಪಂಚಾಯತ್ ಫೋನಿನಿಂದ ಸುಮತಿಯಕ್ಕ ಸ್ಟೇಷನ್ನಿಗೆ ಹೇಳಿದರು, ಜೀಪು ಬಂತು. ಮತ್ತೆ ಅವನು ಆ ಕಡೆ ತಲೆ ಹಾಕಲಿಲ್ಲ. ನಾನು ಹೊಲಿಗೆ ಕಲಿತು ಬೇರೆ ಮನೆ ಮಾಡಿದ ಮೇಲೆ ಬೆಳ್ತಂಗಡಿ ಕಡೆಯ ಒಬ್ಬಳು ಬಾಣಂತಿ ಗಂಡನ ಪೆಟ್ಟು ತಪ್ಪಿಸಿಕೊಂಡು ಆ ಕ್ವಾರ್ಟರ್ಸಿಗೆ ಬಂದಳು. ಅಧ್ಯಕ್ಷರು ಹೇಳಿದ್ದು ಸುಳ್ಳಾಗಲಿಲ್ಲ.

ಭಕ್ತರೇ, ನಿನ್ನ ತಾಳ್ಮೆಗೆ ಅಮ್ಮ ಒಲಿದಳು ಎಂದು ಈಗ ಎಲ್ಲರೂ ಅನ್ನುತ್ತಾರೆ. ತಾಳಿಕೊಂಡಷ್ಟು ವರ್ಷ ನನಗೆ ಸಿಕ್ಕಿದ್ದು ಪೆಟ್ಟು ಮಾತ್ರ. ಇನ್ನು ಆಗುವುದಿಲ್ಲ ಎಂದು ಕಿರುಚಿದ ದಿನ ಅಮ್ಮ ಸುಮತಿಯಕ್ಕನನ್ನು ನನ್ನ ಹಿಂದೆ ತಂದು ನಿಲ್ಲಿಸಿದಳು. ಅದರಲ್ಲಿ ನನಗೆ ಸಂಶಯವಿಲ್ಲ. ಶುಕ್ರವಾರದ ಪೂಜೆ ಇವತ್ತಿಗೂ ತಪ್ಪಿಸಿಲ್ಲ.

ಅಣ್ಣನೂ ಬರುತ್ತಾನೆ. ಮೊನ್ನೆ ತೀರ್ಥ ತೆಗೆದುಕೊಳ್ಳುವಾಗ, "ನಾನು ಹೇಳಿರಲಿಲ್ಲವಾ, ಅಮ್ಮನೇ ನೋಡಿಕೊಳ್ತಾಳೆ ಅಂತ?" ಎಂದ.

"ಹೌದಣ್ಣ" ಅಂದೆ. "ನೀನು ಬಸ್ಸು ಹತ್ತಿಸುವ ಮೊದಲೇ ನೋಡಿಕೊಂಡಳು."